ಕಾವೇರಿ ದಡದ ಕೊರೆತ ಅಳೆಯುವುದು ಹೇಗೆ?

ಕುಶಾಲನಗರದ ಕಡೆ ಹೊಳೆ ಪಕ್ಕದ ಕಾಫಿ ತೋಟ ವರ್ಷಕ್ಕೆ ಎಷ್ಟು ಕೊಚ್ಚಿಹೋಗುತ್ತಿದೆ ಎಂದು ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ. ಅಗ್ಗದ, ನಂಬಬಹುದಾದ ದಾರಿ ಕಬ್ಬಿಣದ ಕಂಬಿ.

8–10 ಮಿ.ಮೀ. ದಪ್ಪ, ಒಂದು ಮೀಟರ್ ಉದ್ದದ ಕಂಬಿಗಳನ್ನು ದಡದ ಕಡಿದಾದ ಮಣ್ಣಿನ ಗೋಡೆಯೊಳಕ್ಕೆ ಅಡ್ಡಲಾಗಿ ಬಡಿದು, 5 ಸೆಂ.ಮೀ. ಮಾತ್ರ ಹೊರಗೆ ಬಿಡಿ. ಒಂದು ಸಾಲಿನಲ್ಲಿ ಮೇಲಿಂದ ಕೆಳಕ್ಕೆ ಅರ್ಧ ಮೀಟರಿಗೊಂದು. ಡಿಸೆಂಬರಿನಲ್ಲೇ ಮುಗಿಸಿ, ಆಮೇಲೆ ಅದೇ ಗೋಡೆಯಲ್ಲಿ ಕಳ್ಳಿಪೀರ, ಮಿಂಚುಳ್ಳಿಗಳು ಬಿಲ ಕೊರೆದು ಮೊಟ್ಟೆಯಿಡುತ್ತವೆ, ಅವಕ್ಕೆ ತೊಂದರೆ ಕೊಡಬೇಡಿ. ಮೇ ಕೊನೆಗೆ ಒಮ್ಮೆ, ಮಳೆಗಾಲದಲ್ಲಿ ಪ್ರತಿ ಪ್ರವಾಹ ಇಳಿದ ಮೇಲೆ ಒಮ್ಮೆ ಅಳೆಯಿರಿ. 5 ಇದ್ದದ್ದು 17 ಆಗಿದ್ದರೆ 12 ಸೆಂ.ಮೀ. ಮಣ್ಣು ಹೋಗಿದೆ.

ಕಂಬಿಯೇ ಕಾಣದಿದ್ದರೆ ಸೊನ್ನೆ ಬರೆಯಬೇಡಿ! ಕೊಚ್ಚಿಹೋಗಿದ್ದರೆ ಕೊರೆತ ಸುಮಾರು 95 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚು, ಮೇಲಿನ ಮಣ್ಣು ಕುಸಿದು ಹೂತಿರಲೂಬಹುದು. ಹಾಗಾಗಿ ದಡದ ಅಂಚಿನಿಂದ 20 ಮೀಟರ್ ದೂರ, ತೋಟದ ಒಳಗೆ ಒಂದು ಗುರುತುಕಲ್ಲು ನೆಟ್ಟು, ಅಲ್ಲಿಂದ ಅಂಚಿಗೆ ಟೇಪ್ ಹಿಡಿದೂ ಅಳೆಯಿರಿ.

ದಡ ಹೆಚ್ಚಾಗಿ ಕುಸಿಯುವುದು ಹೊಳೆ ತುಂಬಿದಾಗಲ್ಲ, ಬೇಗ ಇಳಿದಾಗ. ನೀರು ಹೀರಿ ಭಾರವಾದ ಮಣ್ಣಿಗೆ ಹೊರಗಿನ ನೀರಿನ ಆಸರೆ ತಪ್ಪುತ್ತದೆ, ಬುಡವನ್ನಂತೂ ಪ್ರವಾಹ ಆಗಲೇ ಕೊರೆದಿರುತ್ತದೆ. ಅದಕ್ಕೇ ನೀರು ಇಳಿದ ಮರುದಿನ ಅಂಚಿಗೆ ಹೋಗಬೇಡಿ, ಬಿರುಕು ಕಂಡರಂತೂ ದೂರವೇ ಇರಿ. ಕಾಫಿಯ ಬೇರು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಹರಡುವುದರಿಂದ ಮೂರು ಮೀಟರ್ ಎತ್ತರದ ದಡವನ್ನು ಅದು ಹಿಡಿಯದು. ಹೊಳೆಮತ್ತಿ, ಹೊಂಗೆ, ಬಿದಿರು ಇರುವಲ್ಲಿ ಇನ್ನೊಂದು ಸಾಲು ಕಂಬಿ ಹಾಕಿ ಹೋಲಿಸಿ ನೋಡಿ.