ಫಾಸ್ಟಿಂಗ್ ಇನ್ಸುಲಿನ್ ಟೆಸ್ಟ್ ಮಾಡಿಸಬೇಕಾ?

ಅಪ್ಪನಿಗೂ ಅಜ್ಜಿಗೂ ಶುಗರ್ ಇತ್ತು, ನಿಮಗೀಗ 34, ಬರಿಹೊಟ್ಟೆಯ ಸಕ್ಕರೆ 96. ಬದಿಯಡ್ಕದಿಂದ ಮಂಗಳೂರಿಗೆ ಹೋಗಿ ಇನ್ಸುಲಿನ್, ಅಡಿಪೊನೆಕ್ಟಿನ್ ಟೆಸ್ಟ್ ಮಾಡಿಸಬೇಕಾ ಅಂತ ಕೇಳಿದ್ದೀರಿ, ಅಲ್ವಾ?

ಇನ್ಸುಲಿನ್ ನೋಡುವುದರಲ್ಲಿ ಅರ್ಥವಿದೆ. ಮೈ ಅದರ ಮಾತು ಕೇಳದಿದ್ದರೆ ಪ್ಯಾಂಕ್ರಿಯಾಸ್ ಇನ್ನೂ ಜಾಸ್ತಿ ಇನ್ಸುಲಿನ್ ಸುರಿದು ಸಕ್ಕರೆಯನ್ನು ವರ್ಷಗಟ್ಟಲೆ ಹಿಡಿದಿಡುತ್ತದೆ. ಅಷ್ಟು ದಿನವೂ ಶುಗರ್ ರಿಪೋರ್ಟ್ ನಾರ್ಮಲ್! ಲೆಕ್ಕ ಸುಲಭ: ಬರಿಹೊಟ್ಟೆಯ ಸಕ್ಕರೆಯನ್ನು ಇನ್ಸುಲಿನ್ ಅಂಕಿಯಿಂದ ಗುಣಿಸಿ, 405ರಿಂದ ಭಾಗಿಸಿ. ಇದಕ್ಕೆ ಹೋಮಾ-ಐಆರ್ ಅನ್ನುತ್ತಾರೆ; ಅದು ಜಾಸ್ತಿಯಾದಷ್ಟೂ ಮೈ ಇನ್ಸುಲಿನ್ ಮಾತು ಕೇಳುತ್ತಿಲ್ಲ ಅಂತ ಅರ್ಥ. ನಿಮ್ಮ 96ಕ್ಕೆ ಇನ್ಸುಲಿನ್ 6 ಬಂದರೆ ಸುಮಾರು 1.4, 15 ಬಂದರೆ 3.6. ಎರಡನೆಯದಾದರೆ ಡಾಕ್ಟರ ಹತ್ತಿರ ಮಾತಾಡಿ. ಆದರೆ ಲ್ಯಾಬಿನಿಂದ ಲ್ಯಾಬಿಗೆ ಇನ್ಸುಲಿನ್ ಅಂಕಿ ಬದಲಾಗುತ್ತದೆ, ಎಲ್ಲರೂ ಒಪ್ಪಿದ ಗಡಿ ಅಂತ ಒಂದಿಲ್ಲ.

ಅಡಿಪೊನೆಕ್ಟಿನ್ ಕೊಬ್ಬಿನ ಕೋಶಗಳಿಂದ ಬರುವ ಹಾರ್ಮೋನು. ಅದು ಕಡಿಮೆ ಇದ್ದವರಿಗೆ ಶುಗರ್ ಬರುವ ಅಪಾಯ ಜಾಸ್ತಿ, ನಿಜ. ಆದರೆ ಅದನ್ನು ನೋಡಿ ಬದಲಾಗುವ ಚಿಕಿತ್ಸೆ ಏನೂ ಇಲ್ಲ. ನನ್ನ ಪ್ರಕಾರ ಸುಮ್ನೆ ದುಡ್ಡು ದಂಡ.

ಮೊದಲು ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಟೆಸ್ಟ್) ಮಾಡಿಸಿ, ಶೇಕಡಾ 5.7ರಿಂದ 6.4 ಅಂದರೆ ಶುಗರ್ ಕಾಯಿಲೆಯ ಅಂಚಿನಲ್ಲಿದ್ದೀರಿ. ಸೊಂಟದ ಸುತ್ತಳತೆಯನ್ನೂ ಅಳೆಯಿರಿ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು. ಟೇಪಿಗೆ ಮಂಗಳೂರಿನವರೆಗೆ ಹೋಗಬೇಕಿಲ್ಲ!

ಮತ್ತೆ, ರಕ್ತ ಕೊಡುವ ಹಿಂದಿನ ರಾತ್ರಿ ಜಂಬರದ (ಸಮಾರಂಭದ) ಊಟ ಬೇಡ. ಬೆಳಗ್ಗಿನ ಚಾ ಕೂಡ ಆಮೇಲೆಯೇ.