ಮೂರು ನಿಮಿಷಕ್ಕೆ ಎಷ್ಟು ಸ್ಲೈಡ್?

ಬೆಳ್ಳಂದೂರು ಕೆರೆಯ ನೊರೆ ಮೇಲೆ ಪಿಎಚ್‌ಡಿ, ತ್ರೀ ಮಿನಿಟ್ ಥೀಸಿಸ್‌ಗೆ (ಸಂಶೋಧನೆಯನ್ನು ಮೂರೇ ನಿಮಿಷದಲ್ಲಿ ಎಲ್ಲರಿಗೂ ಅರ್ಥವಾಗುವಂತೆ ಹೇಳುವ ಸ್ಪರ್ಧೆ) ನಾಲ್ಕು ಸ್ಲೈಡ್ ಸಾಕಾ ಅಂತ ಕೇಳಿದ್ದೀರಿ. ನಾಲ್ಕಲ್ಲ, ಒಂದೇ. ಅದರಲ್ಲಿ ಅನಿಮೇಷನ್ ಕೂಡ ಇರಬಾರದು. 180 ಸೆಕೆಂಡ್ ದಾಟಿದರೆ ಔಟ್. (ಈ ಸ್ಪರ್ಧೆ 2008ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿದ್ದು. ಆಗ ಅಲ್ಲಿ ಬರ. ನೀರು ಉಳಿಸೋಕೆ ಜನ ಬಚ್ಚಲಲ್ಲಿ ಮೂರು ನಿಮಿಷದ ಟೈಮರ್ ಇಟ್ಟುಕೊಂಡಿದ್ದರಂತೆ. ಐಡಿಯಾ ಹುಟ್ಟಿದ್ದು ಅಲ್ಲಿಂದ!)

‘ಸರ್ಫ್ಯಾಕ್ಟಂಟ್’ (ಸೋಪು, ಡಿಟರ್ಜೆಂಟ್‌ನಲ್ಲಿ ನೊರೆ ಬರಿಸುವ ರಾಸಾಯನಿಕ) ಅಂತ ಮಾತ್ರ ಶುರು ಮಾಡಬೇಡಿ. “ಬೆಳಿಗ್ಗೆ ಬಟ್ಟೆ ನೆನೆಸಿಟ್ಟ ಸೋಪಿನ ನೀರು ಎಲ್ಲಿಗೆ ಹೋಗುತ್ತೆ?” ಅಂತ ಕೇಳಿ. ಕೋಡಿಯಲ್ಲಿ ನೀರು ಧುಮುಕಿ ನೊರೆ ಏಳುತ್ತಲ್ಲ, ಆ ಫೋಟೋ ಹಾಕಿ. ಆಮೇಲೆ ನಿಮ್ಮ ಒಂದೇ ಒಂದು ಫಲಿತಾಂಶ. ನಾನು ಎಲ್ಲಾ ಹೇಳಲು ಹೋಗಿ ಎರಡೂವರೆ ನಿಮಿಷ ಪೀಠಿಕೆಯಲ್ಲೇ ಕಳೆದಿದ್ದೆ. ಹಿಂದಿನ ದಿನ ಅಮ್ಮನ ಮುಂದೆ ಒಂದ್ಸಲ ಹೇಳಿ ನೋಡಿ, ಮೊಬೈಲ್‌ನಲ್ಲಿ ಟೈಮ್ ಇಟ್ಟುಕೊಂಡು.