ನಲವತ್ತೇಳು ಎಪ್ಪತ್ತನಾಲ್ಕಾದದ್ದು ಹೇಗೆ?

(ಡೊಂಬಿವಲಿಯ ತಾಯಿಯೊಬ್ಬರು ಬರೆದಿದ್ದಾರೆ: ಮರಾಠಿ ಮಾಧ್ಯಮದಲ್ಲಿ ಎರಡನೆಯ ತರಗತಿ ಓದುವ ಮಗಳು, ಶಿಕ್ಷಕಿ ‘ಸತ್ತೇಚಾಳೀಸ್’ (ನಲವತ್ತೇಳು) ಎಂದರೆ 74 ಎಂದು ಬರೆಯುತ್ತಾಳೆ. ತರಗತಿಯಲ್ಲಿ ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಕನ್ನಡ ನಿಲ್ಲಿಸಿ ಎಂಬ ಸಲಹೆ ಬಂದಿದೆ. ನಿಲ್ಲಿಸಬೇಕೇ?)

ದಯವಿಟ್ಟು ನಿಲ್ಲಿಸಬೇಡಿ.

ನೀವು ಕಳುಹಿಸಿದ ನೋಟ್‌ಬುಕ್ಕಿನ ಪುಟವನ್ನು ಮತ್ತೆ ಮತ್ತೆ ನೋಡಿದೆ. 47ಕ್ಕೆ 74, 38ಕ್ಕೆ 83, 63ಕ್ಕೆ 36. ಎಲ್ಲವೂ ತಿರುಗುಮುರುಗು, ಒಂದೂ ಅಡ್ಡಾದಿಡ್ಡಿಯಲ್ಲ. ದಡ್ಡತನದ ತಪ್ಪು ಇಷ್ಟು ಶಿಸ್ತಾಗಿ ಬರುವುದಿಲ್ಲ. ಕನ್ನಡದಲ್ಲಿ ನಲವತ್ತು ಮೊದಲು, ಏಳು ಆಮೇಲೆ. ಬರೆಯುವಾಗಲೂ ಅದೇ ಕ್ರಮ. ಮರಾಠಿಯಲ್ಲಿ ಏಳು ಮುಂದೆ, ನಲವತ್ತು ಹಿಂದೆ. ಕೇಳಿದ ಕ್ರಮದಲ್ಲೇ ಬರೆಯುವುದನ್ನು ಮನೆಮಾತು ಅವಳಿಗೆ ಕಲಿಸಿದೆ.

ಈ ತೊಡಕು ಮರಾಠಿ ಮಕ್ಕಳನ್ನೂ ಬಿಟ್ಟಿಲ್ಲ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಎರಡನೆಯ ತರಗತಿಯ ಗಣಿತ ಪುಸ್ತಕ, 21ಕ್ಕೆ ‘ಏಕವೀಸ್’ (ಒಂದು-ಇಪ್ಪತ್ತು) ಜೊತೆಗೆ ‘ವೀಸ್ ಏಕ್’ (ಇಪ್ಪತ್ತು-ಒಂದು) ಎನ್ನುವ ರೀತಿಯನ್ನೂ ತಂದಿತು. ಗಣಿತ ಸಮಿತಿಯ ಮುಖ್ಯಸ್ಥೆ ಮಂಗಳಾ ನಾರ್ಳೀಕರ್ ಅದನ್ನು ಸಮರ್ಥಿಸಿದರು. ಭಾಷೆ ಕೆಡುತ್ತದೆ ಎಂಬ ಕೂಗು ವಿಧಾನಸಭೆಯವರೆಗೂ ಮುಟ್ಟಿತು. ಹಳೆಯ ಹೆಸರುಗಳ ಮೇಲಿನ ಆ ಮಮತೆ ನನಗೆ ಅರ್ಥವಾಗುತ್ತದೆ. ಆದರೆ ‘ಇಪ್ಪತ್ತೊಂದು’ ಎನ್ನುವ ನಿಮ್ಮ ಮಗಳು ತಜ್ಞರು ಹುಡುಕಿದ ಆ ದಾರಿಯಲ್ಲೇ ಮೊದಲಿನಿಂದ ನಡೆಯುತ್ತಿದ್ದಾಳೆ. ಅದನ್ನೇ ಬಿಡಿಸಿದರೆ ಅವಳಿಗೆ ಆಸರೆ ಯಾವುದು?

ಶಿಕ್ಷಕಿಯನ್ನು ದೂರುತ್ತಿಲ್ಲ. ನಮ್ಮ ಊರಿನ ಒಂದೊಂದು ತರಗತಿಯಲ್ಲೂ ನಾಲ್ಕಾರು ಮನೆಮಾತುಗಳು ಕುಳಿತಿರುತ್ತವೆ. ಎಲ್ಲವೂ ಅವರಿಗೆ ತಿಳಿದಿರಬೇಕೆನ್ನುವುದು ನ್ಯಾಯವಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗೆ ಬರುತ್ತಿದ್ದ ಮುಂಬಯಿಯ ಹುಡುಗರಿಗೆ ಒಂದು ಅನುಕೂಲವಿತ್ತು: ಅವರ ಲೆಕ್ಕ ತಲೆಯಲ್ಲಿ ಯಾವ ಮಾತಿನಲ್ಲಿ ಓಡುತ್ತದೆ ಎಂಬುದು ಮೇಷ್ಟರಿಗೆ ಗೊತ್ತಿತ್ತು. ನಿಮ್ಮ ಮಗಳ ಶಿಕ್ಷಕಿಗೆ ಅದನ್ನು ತಿಳಿಸಬೇಕಾದವರು ನೀವು. ನೋಟ್‌ಬುಕ್ಕು ಹಿಡಿದು ಹೋಗಿ, ಕನ್ನಡದ ಕ್ರಮವನ್ನು ಬರೆದು ತೋರಿಸಿ. ಸಂಕೋಚ ಬೇಡ, 2009ರ ಶಿಕ್ಷಣ ಹಕ್ಕು ಕಾಯಿದೆಯೇ, ಸಾಧ್ಯವಾದ ಮಟ್ಟಿಗೆ ಬೋಧನೆ ಮಗುವಿನ ಮಾತೃಭಾಷೆಯಲ್ಲಿರಲಿ ಎನ್ನುತ್ತದೆ.

ಬಾಯಿ ಬಿಡದಿರುವ ವಿಷಯವನ್ನೂ ಅವರೊಡನೆ ಮಾತನಾಡಿ. ‘ದೊಡ್ಡವರು ಮಾತನಾಡುವಾಗ ಸುಮ್ಮನಿರು’ ಎಂದು ಬೆಳೆಸಿದವರು ನಾವೇ. ಆ ಮರ್ಯಾದೆ ಶಾಲೆಯಲ್ಲಿ ‘ಅರ್ಥವಾಗಿಲ್ಲ’ ಎಂದು ಎಣಿಕೆಯಾಗುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಶಾಲೆಯಲ್ಲಿ ಪ್ರಶ್ನೆ ಕೇಳುವುದು ಎದುರುಮಾತಲ್ಲ ಎಂದು ಅವಳಿಗೆ ನೀವೇ ಹೇಳಬೇಕು.

ಇಂದು ಸಂಜೆ ಹತ್ತು ರೂಪಾಯಿಯ ನಾಲ್ಕು ನೋಟು, ಒಂದು ರೂಪಾಯಿಯ ಏಳು ನಾಣ್ಯ ಕೊಡಿ. ಮೊದಲು ಕನ್ನಡದಲ್ಲಿ ಹೇಳಲಿ, ಬಳಿಕ ಮರಾಠಿಯಲ್ಲಿ. ಏಳು ಎಲ್ಲಿ ಅಡಗಿದೆ ಎಂದು ಅವಳೇ ಹುಡುಕಲಿ. ‘ಏಕೋಣಪನ್ನಾಸ್’ (49, ಅಂದರೆ ಐವತ್ತಕ್ಕೆ ಒಂದು ಕಡಿಮೆ) ಬಂದಾಗ ಮತ್ತೆ ತಡವರಿಸುತ್ತಾಳೆ. ಆಗ ಐವತ್ತು ರೂಪಾಯಿ ಎಣಿಸಿಟ್ಟು, ಅದರಿಂದ ಒಂದು ನಾಣ್ಯವನ್ನು ಅವಳ ಕೈಯಿಂದಲೇ ತೆಗೆಸಿ.